ಹಸಿ ಒಲೆಗೆ ಬೆಂಕಿ

ನನ್ನ ಬಾಯಿ ಬೊಂಬಾಯಿ ಅಂತ ನಮ್ಮ ರೋಡಲ್ಲಿ ಎಲ್ಲರಿಗೂ ಗೊತ್ತು. ಹಾಲಿನವನು ಹತ್ತು ನಿಮಿಷ ಲೇಟಾಗಿ ಬಂದ್ರೆ ಅವನ ವಂಶದವರನ್ನೆಲ್ಲ ವಿಚಾರಿಸಿಕೊಂಡೇ ಒಳಗೆ ಬರೋಳು ನಾನು. ಹೆಸರು ನೀಲಾಂಬಿಕೆ. ಹುಟ್ಟಿದ್ದು ರಾಜಾಜಿನಗರ, ಮದುವೆಯಾಗಿ ಬಸವೇಶ್ವರನಗರಕ್ಕೆ ಬಂದು ಮೂವತ್ತೆಂಟು ವರ್ಷ. ಇಷ್ಟು ವರ್ಷದಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದು ಒಂದೇ ಸಲ, ಮೂರು ತಿಂಗಳು. ಜನ್ಮವೆಲ್ಲ ಬೈದು ಎಷ್ಟು ಪಾಪ ಕಟ್ಟಿಕೊಂಡಿದ್ದೆನೋ, ಅದರ ಹತ್ತರಷ್ಟು ಆ ಮೂರು ತಿಂಗಳಲ್ಲಿ ಕಟ್ಟಿಕೊಂಡೆ.

ನಮ್ಮನೆಯವರು ವಿಶ್ವಾರಾಧ್ಯ. ಫ್ಯಾಕ್ಟರಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದು ರಿಟೈರ್ ಆದವರು. ಒಂದು ಮೊಳೆ ಹೊಡೀಬೇಕಾದ್ರೂ ಗ್ರಾಫ್ ಶೀಟ್ ತೆಗೆದು, ಗೆರೆ ಎಳೆದು, ಅಳತೆ ಹಾಕಿ, ಆಮೇಲೆ ಸುತ್ತಿಗೆ ಹುಡುಕೋರು. ಅಷ್ಟು ಹೊತ್ತಿಗೆ ನಾನೇ ಕುಟ್ಟಾಣಿಯಲ್ಲಿ ಮೊಳೆ ಹೊಡೆದು ಕ್ಯಾಲೆಂಡರ್ ನೇತು ಹಾಕಿರ್ತಿದ್ದೆ. "ಸೊಟ್ಟ ಆಯ್ತು ಕಣೇ" ಅನ್ನೋರು. "ತಾರೀಖು ನೆಟ್ಟಗಿದೆಯಲ್ಲ, ಸಾಕು" ಅಂತಿದ್ದೆ. ನಮ್ಮ ಸಂಸಾರ ಹೀಗೇ ನಡೀತಿತ್ತು.

ಹೋದ ವರ್ಷ ಗಣಪತಿ ಹಬ್ಬ ಕಳೆದು ವಾರಕ್ಕೆ ಇವರ ಕಣ್ಣು ಹಳದಿಯಾಯ್ತು. ಕಾಮಾಲೆ ಅಂದುಕೊಂಡು ನೆಲನೆಲ್ಲಿ ರಸ ಕುಡಿಸಿದೆ. ಕಡಿಮೆಯಾಗಲಿಲ್ಲ. ಆಸ್ಪತ್ರೆಗೆ ಸೇರಿಸಿ, ಸ್ಕ್ಯಾನ್ ಮಾಡಿ, ಹೊಟ್ಟೆಯೊಳಗೆ ಪಿತ್ತ ಇಳಿಯೋ ದಾರಿಗೆ ಒಂದು ಸಣ್ಣ ಪೈಪ್ ಇಟ್ಟರು. ಹಳದಿ ಇಳೀತು. ಇವರು ಮಂಚದ ಮೇಲೆ ಕೂತು ಇಡ್ಲಿ ತಿಂತಾ ಇದ್ದಾಗ ಡಾಕ್ಟ್ರು ನನ್ನನ್ನೂ ಮಗಳು ಶರಣ್ಯಾನ್ನೂ ಪಕ್ಕದ ರೂಮಿಗೆ ಕರೆದರು. ಮೇದೋಜೀರಕದಲ್ಲಿ ಕ್ಯಾನ್ಸರ್ ಗಂಟಿದೆ, ಆಗಲೇ ಹರಡಿದೆ, ಪೈಪ್ ಹಾಕಿರೋದು ಆರಾಮಕ್ಕೆ ಅಷ್ಟೇ ಅಂದರು. ಎಷ್ಟು ದಿನ ಅಂತ ಶರಣ್ಯಾ ಕೇಳಿದಳು. ಸಂಕ್ರಾಂತಿ ದಾಟೋದು ಕಷ್ಟ ಅಂದರು.

ಕಾರಿಡಾರಿನಲ್ಲಿ ನಿಂತು ಮಗಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಅಮ್ಮ, ಅಪ್ಪಂಗೆ ಹೇಳೋದು ಬೇಡ. ಪಿತ್ತದ ದಾರೀಲಿ ಕಲ್ಲಿತ್ತು, ತೆಗೆದ್ರು ಅನ್ನೋಣ. ಇರೋಷ್ಟು ದಿನ ನೆಮ್ಮದಿಯಾಗಿ ಇರ್ಲಿ." ಅಳಿಯ ಮಹದೇವ್ ಮಾತ್ರ, "ಹೇಳೋದೇ ಒಳ್ಳೇದು ಅತ್ತೆ. ಅವರಿಗೂ ಏನಾದ್ರೂ ಮಾಡ್ಕೊಬೇಕು ಅಂತ ಇರತ್ತೆ" ಅಂದ. ನಾನು ಉರಿದುಬಿದ್ದೆ. "ಸಾಯ್ತೀಯ ಅಂತ ಯಾರಾದ್ರೂ ಮುಖಕ್ಕೆ ಹೇಳ್ತಾರೇನಪ್ಪ? ನಮ್ಮ ಕಡೆ ಆ ಪದ್ಧತಿ ಇಲ್ಲ" ಅಂದೆ. ನಮ್ಮ ಕಡೆ ಇಲ್ಲದ ಪದ್ಧತಿಯೇ ಸರಿಯಾಗಿತ್ತು ಅಂತ ಈಗ ಗೊತ್ತಾಗಿ ಏನು ಬಂತು?

ಇವರು ನಂಬಿದ್ರು. ರಿಪೋರ್ಟ್ ಕೂಡ ಕೇಳಲಿಲ್ಲ. ಮಗಳ ಹತ್ತಿರ ನಗ್ತಾ, "ದೊಡ್ಡದೇನಾದ್ರೂ ಇದ್ದಿದ್ರೆ ನಿಮ್ಮಮ್ಮ ಇಷ್ಟು ಹೊತ್ತಿಗೆ ಸರ್ಕಲ್‌ನಲ್ಲಿ ಮೈಕ್ ಹಾಕ್ಸಿರ್ತಿದ್ಲು" ಅಂದ್ರಂತೆ. ನನ್ನ ಬಾಯಿ ಮೇಲೆ ಅವರಿಗಿದ್ದ ನಂಬಿಕೆ ಅಂಥದ್ದು.

ಮನೆಗೆ ಬಂದು ಹದಿನೈದು ದಿನಕ್ಕೆ ಶರಣ್ಯಾ ಹುಟ್ಟಿದಹಬ್ಬ. ಮಹದೇವ್ ಪಿಜ್ಜಾ ತರಿಸಿದ. ಇವರು ಒಂದು ತುಂಡು ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿದರು. "ಮೇಲೆ ಚೆನ್ನಾಗಿದೆ, ತಳ ರಟ್ಟು. ಇದು ಹಿಟ್ಟಿನ ತಪ್ಪಲ್ಲ, ಒಲೆ ತಪ್ಪು" ಅಂದರು. ಮಾರನೇ ದಿನದಿಂದ ಫೋನಲ್ಲಿ ಇಟ್ಟಿಗೆ ಒಲೆ ಕಟ್ಟೋ ವಿಡಿಯೋಗಳು ಶುರು. ಮೂರನೇ ದಿನ ಗ್ರಾಫ್ ಶೀಟ್ ಹೊರಗೆ ಬಂತು. ಹಿತ್ತಲಲ್ಲಿ, ಅಡುಗೆಮನೆ ಬಾಗಿಲಿಗೆ ಎದುರಾಗಿ ಇಟ್ಟಿಗೆಯ ಒಲೆ, ಮೇಲೆ ಗುಮ್ಮಟ, ಗುಮ್ಮಟಕ್ಕೆ ಹೊಗೆಗೂಡು.

"ನಿನ್ನ ಒಗೆಯೋ ಕಲ್ಲು ಕೀಳಬೇಕಾಗತ್ತೆ ನೀಲಾ" ಅಂದರು, ಹೆದರಿಕೊಂಡೇ.

"ಕೀಳಿ" ಅಂದೆ.

ಇವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಹುಷಾರಾಗಿದೀಯ ತಾನೆ? ಒಗೆಯೋ ಕಲ್ಲು ಕೀಳ್ತೀನಿ ಅಂದ್ರೂ ಬೈಲಿಲ್ಲ!"

ತಕ್ಷಣ ಸೊಂಟಕ್ಕೆ ಸೆರಗು ಸಿಕ್ಕಿಸಿದೆ. "ಕೀಳಿ, ಕಿತ್ತು ನಿಮ್ಮ ತಲೆ ಮೇಲೆ ಇಟ್ಕೊಳ್ಳಿ! ಚಪಾತಿ ಲಟ್ಟಿಸೋಕೆ ಬರಲ್ಲ, ಪಿಜ್ಜಾ ಮಾಡ್ತಾರಂತೆ ಪಿಜ್ಜಾ!" ಅಂತ ಶುರು ಮಾಡಿದೆ. ಅವರ ಮುಖ ಅರಳಿತು. ಅವತ್ತಿನಿಂದ ನನಗೆ ದಿನಾ ಇದೇ ಕೆಲಸ. ಅಳು ಬಂದಾಗೆಲ್ಲ ಬೈಯೋದು. ಕಷ್ಟಪಟ್ಟು ಬೈಯೋದು ಅಂದ್ರೇನು ಅಂತ ಆಗ ಕಲಿತೆ.

ಕಾಮಾಕ್ಷಿಪಾಳ್ಯದಿಂದ ಚಿಕ್ಕಹನುಮಯ್ಯ ಮೇಸ್ತ್ರಿ ಬಂದರು. ಎಪ್ಪತ್ತು ದಾಟಿದ ಮನುಷ್ಯ. ನಮ್ಮ ಮನೆ ಮೇಲಿನ ರೂಮು ಕಟ್ಟಿದ್ದೂ ಅವರೇ. ಡ್ರಾಯಿಂಗ್ ನೋಡಿ ತಲೆ ಕೆರೆದುಕೊಂಡು, "ಸಾರ್, ಗಾರೆ ಕೆಲಸದಲ್ಲಿ ಗುಡಿ ಕಟ್ಟಿದೀನಿ, ಗೋರಿ ಕಟ್ಟಿದೀನಿ. ಇದು ಎರಡರ ಮಧ್ಯ ಇದೆ" ಅಂದರು. ಇವರು ಬಿದ್ದೂ ಬಿದ್ದೂ ನಕ್ಕರು. ನಾನು ಕಾಫಿ ಲೋಟ ಅಲ್ಲೇ ಇಟ್ಟು ಒಳಗೆ ಹೋದೆ.

ದಸರಾ ಕಳೆದ ಮೇಲೆ ಕೆಲಸ ಶುರುವಾಯ್ತು. ಕಟ್ಟೆ ಕಟ್ಟಿ, ಅದರ ಮೇಲೆ ಚಪ್ಪಡಿ ಹಾಕಿ, ನಾಯಂಡಹಳ್ಳಿ ಗೋಡೌನಿನಿಂದ ಬೆಂಕಿ ತಡೆಯೋ ಇಟ್ಟಿಗೆ ತಂದು ಒಲೆಯ ನೆಲ ಹಾಸಿದರು. ಇವರು ಮಟ್ಟಗೋಲು ಹಿಡಿದು ಒಂದೊಂದು ಇಟ್ಟಿಗೆಯನ್ನೂ ನಾಲ್ಕು ಸಲ ನೋಡೋರು. ಎರಡು ಇಟ್ಟಿಗೆ ಎತ್ತಿದ್ರೆ ಏದುಸಿರು ಬರ್ತಿತ್ತು. "ಪೈಪ್ ಹಾಕಿದಾರಲ್ಲ, ಹೊಂದ್ಕೊಳ್ಳೋಕೆ ಟೈಮ್ ಬೇಕು" ಅಂತ ಅವರೇ ಸಮಾಧಾನ ಹೇಳಿಕೊಳ್ಳೋರು. ಮೇಸ್ತ್ರಿ ಇವರ ಕೈಯಿಂದ ಇಟ್ಟಿಗೆ ಕಿತ್ಕೊಂಡು, "ಸಾರ್, ನೀವು ಇಂಜಿನಿಯರು, ಕೂತ್ಕೊಂಡು ಹೇಳಿ ಸಾಕು" ಅಂತಿದ್ದರು. ಅವರಿಗೂ ನಾನು ಹೇಳಿರಲಿಲ್ಲ. ಆದರೆ ಅವರ ಕಣ್ಣಿಗೆ ಏನೋ ಕಂಡಿತ್ತು ಅನ್ಸತ್ತೆ.

ಗುಮ್ಮಟ ಕಟ್ಟೋ ದಿನ ಒದ್ದೆ ಮರಳನ್ನ ಗುಡ್ಡೆ ಹಾಕಿ, ತಟ್ಟಿ ತಟ್ಟಿ ದುಂಡಗೆ ಮಾಡಿದರು. ಅದರ ಮೇಲೆ ಹಳೇ ಪೇಪರ್ ಹೊದಿಸಿ, ಪೇಪರ್ ಮೇಲೆ ಇಟ್ಟಿಗೆ. ಗಾರೆ ಗಟ್ಟಿಯಾದ ಮೇಲೆ ಒಲೆ ಬಾಯಿಂದ ಮರಳನ್ನ ತೋಡಿ ತೆಗೀಬೇಕಂತೆ, ಗುಮ್ಮಟ ತಾನೇ ನಿಲ್ಲತ್ತಂತೆ. ಕೊನೇ ಇಟ್ಟಿಗೆ ಇಟ್ಟಾದ ಮೇಲೆ ಇವರು ಕೈ ತೊಳೆದುಕೊಂಡು ಅಡುಗೆಮನೆ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು.

"ನೀಲಾ, ಇದು ಮುಗೀಲಿ. ಅಕ್ಕನ್ನ ಕರೆಸೋಣ."

ಒಂಬತ್ತು ವರ್ಷದಿಂದ ಆ ಹೆಸರು ಅವರ ಬಾಯಲ್ಲಿ ಬಂದಿರಲಿಲ್ಲ.

ಶಿವಕ್ಕ ಇವರ ಒಡಹುಟ್ಟಿದವರು, ಹರಿಹರದಲ್ಲಿದ್ದಾರೆ, ಹನ್ನೆರಡು ವರ್ಷ ದೊಡ್ಡವರು. ಇವರು ನಾಲ್ಕು ವರ್ಷದವರಿದ್ದಾಗಲೇ ತಾಯಿ ತೀರಿಕೊಂಡಿದ್ರಿಂದ ಸಾಕಿದ್ದು ಅಕ್ಕನೇ. ಹಸಿ ಸೌದೆ ಒಲೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು ರೊಟ್ಟಿ ಬಡಿದು ಹಾಕಿ ಓದಿಸಿದವರು. ಅಂಥ ಅಕ್ಕ ಶರಣ್ಯಾ ಮದುವೆಗೆ ಬರಲಿಲ್ಲ. ಮಹದೇವ್ ನಮ್ಮವರಲ್ಲ ಅಂತ. "ನನ್ನ ಹೆಣದ ಮೇಲೆ ಮಾಡ್ರಿ" ಅಂತ ಹೇಳಿ ಕಳಿಸಿದ್ದರು. ಇವರಿಗೂ ಹಟ. "ಅವಳಾಗಿ ಬರೋವರೆಗೂ ನಾನು ಆ ಹೊಸ್ತಿಲು ತುಳಿಯಲ್ಲ" ಅಂದವರು, ಬಾವ ತೀರಿಕೊಂಡಾಗ ಮಾತ್ರ ಹೋಗಿ, ಮಣ್ಣು ಮಾಡಿ, ಅಕ್ಕನ ಹತ್ತಿರ ಒಂದು ಮಾತೂ ಆಡದೆ ಬಂದಿದ್ದರು.

"ಈಗಲೇ ಫೋನ್ ಮಾಡ್ರಿ, ಅದಕ್ಕೇನು?" ಅಂದೆ.

"ಸುಮ್ಮನೆ ಕರೆದ್ರೆ ಬರಲ್ಲ ಅವಳು. ಕರೆದ್ರೆ ನಾನು ಸೋತ ಹಾಗೆ, ಬಂದ್ರೆ ಅವಳು ಸೋತ ಹಾಗೆ. ಕಾರ್ಯ ಅಂತ ಒಂದಿದ್ರೆ ಇಬ್ಬರಿಗೂ ಮರ್ಯಾದೆ. 'ಹೊಸ ಒಲೆ ಪೂಜೆ ಇಟ್ಕೊಂಡಿದೀವಿ, ಮನೆಗೆ ಹಿರಿಯಳು ನೀನು, ಬಂದು ಬೆಂಕಿ ಮುಟ್ಟಿಸು' ಅಂದ್ರೆ, ಇಲ್ಲ ಅನ್ನೋ ಹಾಗಿಲ್ಲ. ಶುಭಕಾರ್ಯಕ್ಕೆ ಕರೆದ್ರೆ ಹೋಗಲೇಬೇಕು." ಗುಮ್ಮಟದ ಕಡೆ ನೋಡ್ತಾ, "ಹೊಗೆ ಕಣ್ಣಿಗೆ ಬರದೇ ಇರೋ ಒಲೆ ಅವಳು ನೋಡೇ ಇಲ್ಲ ಕಣೇ" ಅಂದರು.

ಆವತ್ತು ನನಗೆ ಅರ್ಥವಾಯ್ತು, ಈ ಪಿಜ್ಜಾ ಗಿಜ್ಜಾ ಎಲ್ಲ ನೆಪ ಅಂತ. ಅಕ್ಕ ಬರಬೇಕು, ಅದೂ ಒಲೆ ಹಚ್ಚೋಕೆ ಬರಬೇಕು, ಅಷ್ಟೇ ಈ ಮನುಷ್ಯನಿಗೆ ಬೇಕಾಗಿದ್ದು. ಇದೊಂದನ್ನ ಹೇಗಾದರೂ ನಡೆಸಿಕೊಡಬೇಕು ಅಂತ ನಾನೂ ಮನಸ್ಸಲ್ಲೇ ಗಟ್ಟಿ ಮಾಡಿದೆ.

ನಿಜ ಹೇಳ್ತೀನಿ, ಶಿವಕ್ಕನಿಗೆ ಗುಟ್ಟಾಗಿ ಫೋನ್ ಮಾಡಬೇಕು ಅಂತ ಎರಡು ಸಲ ಕೈಗೆತ್ತಿಕೊಂಡೆ, ಎರಡು ಸಲವೂ ಇಟ್ಟೆ. ಯಾಕೆ ಅಂದ್ರೆ ಬಾವ ತೀರಿಕೊಂಡಾಗ ಆಯಮ್ಮ ಅತ್ತಿದ್ದನ್ನ ನಾನು ಕಣ್ಣಾರೆ ನೋಡಿದ್ದೆ. ಆ ಕಡೆಯವರು ಹಾಡಿಕೊಂಡು ಅಳ್ತಾರೆ. ಸತ್ತವರು ಹುಟ್ಟಿದ್ದು, ಅಂಬೆಗಾಲಿಟ್ಟಿದ್ದು, ಏನು ಉಂಡರು, ಏನು ಉಟ್ಟರು, ಎಲ್ಲ ಒಂದೊಂದಾಗಿ ಎತ್ತಿ ಆಡಿ, ಎದೆ ಬಡಿದುಕೊಂಡು ಅಳೋದು. ಶಿವಕ್ಕ ಅತ್ತರೆ ಮೂರು ಬೀದಿ ಜನ ಸೇರ್ತಿದ್ದರು. ತಮ್ಮನಿಗೆ ಹೀಗಂತೆ ಅಂತ ಆ ಕಿವಿಗೆ ಬಿದ್ದರೆ, ನಮ್ಮ ಗೇಟಲ್ಲೇ "ನನ್ನಪ್ಪಾ, ನನ್ನ ಕೂಸೇ" ಅಂತ ಶುರು ಮಾಡ್ತಾರೆ, ಅಲ್ಲಿಗೆ ನಮ್ಮ ಗುಟ್ಟು ರಟ್ಟು ಅಂತ ಹೆದರಿದೆ. ಅದಕ್ಕೇ, ಏನೂ ಗೊತ್ತಿಲ್ಲದೆ ಬರಲಿ, ಒಲೆ ಪೂಜೆಗೆ ಅಂತಲೇ ಬರಲಿ, ನಕ್ಕೊಂಡು ಹೋಗಲಿ ಅಂದುಕೊಂಡೆ. ನನ್ನ ಬುದ್ಧಿಯನ್ನ ನಾನೇ ಮೆಚ್ಚಿಕೊಂಡೆ!

ಹಾಗಾಗಿ ಎಲ್ಲ ಆ ಒಲೆ ಮೇಲೆ ನಿಂತಿತ್ತು. ಆ ಒಲೆಯೋ, ಒಣಗಲೇ ಒಲ್ಲದು.

ದೀಪಾವಳಿ ಆದ ಮೇಲೂ ಮಳೆ ಬಿಡಲಿಲ್ಲ. ಗುಮ್ಮಟದ ಮೇಲೆ ಗಾರೆ ಮೆತ್ತಿ, ಗೋಣಿಚೀಲ ಹೊದಿಸಿ ಬೆಳಿಗ್ಗೆ ಸಂಜೆ ನೀರು ಹಾಕಿದರು. ಆಮೇಲೆ ಗೋಣಿ ತೆಗೆದು ಒಣಗೋಕೆ ಬಿಟ್ಟರು. ಮರಳು ತೆಗೆದದ್ದಾಯ್ತು, ಗುಮ್ಮಟ ನಿಂತಿದ್ದೂ ಆಯ್ತು. "ಎರಡು ವಾರ ಸುಮ್ಮನೆ ಒಣಗ್ಲಿ. ಆಮೇಲೆ ಏಳು ದಿನ ಸಣ್ಣ ಸಣ್ಣ ಬೆಂಕಿ. ಮೊದಲ ದಿನ ಒಂದು ಹಿಡಿ ಪುಳ್ಳೆ, ಎರಡನೇ ದಿನ ಎರಡು ಹಿಡಿ. ಒಳಗಿರೋ ನೀರು ನಿಧಾನಕ್ಕೆ ಹೋಗ್ಬೇಕು ಅಮ್ಮ. ಹಸಿ ಒಲೆಗೆ ದೊಡ್ಡ ಬೆಂಕಿ ಹಾಕಿದ್ರೆ ಸಿಡಿದು ಹೋಗ್ತದೆ" ಅಂದಿದ್ದರು ಮೇಸ್ತ್ರಿ. ಇವರು ಇನ್ನೂ ಒಂದು ಕೈ ಮುಂದೆ. ಫೋನಿನ ವಿಡಿಯೋದಲ್ಲಿ ಯಾವನೋ ಬಿಳಿ ದೊರೆ ಹೇಳಿದ ಅಂತ ಎರಡು ವಾರವನ್ನ ಆರು ವಾರ ಮಾಡಿದರು. ಡಿಸೆಂಬರ್ ಬಂತು. ಬೆಳಿಗ್ಗೆ ಮಂಜು. ಗುಮ್ಮಟದ ಮೇಲೆ ಕೈ ಇಟ್ಟರೆ ತಣ್ಣಗೆ, ಹಸಿ ಹಸಿ. ಇವರ ಕೈಯೂ ಅಷ್ಟೇ ತಣ್ಣಗಾಗ್ತಿತ್ತು. ಪ್ಯಾಂಟಿನ ಬೆಲ್ಟಿಗೆ ಎರಡು ತೂತು ಹೊಸದಾಗಿ ಹೊಡೆದುಕೊಂಡಿದ್ದರು, ಅದೂ ಅಳತೆ ಹಾಕಿ.

"ಯಾಕ್ರೀ ಇಷ್ಟು ನಿಧಾನ? ಇನ್ನು ಹಚ್ಚಿಬಿಡಿ" ಅಂದೆ ಒಂದು ದಿನ.

"ಏನು ಅರ್ಜೆಂಟೇ ನಿನಗೆ? ಸಂಕ್ರಾಂತಿ ಕಳೀಲಿ. ಬಿಸಿಲು ಬರತ್ತೆ, ಚೆನ್ನಾಗಿ ಒಣಗತ್ತೆ. ಆಮೇಲೆ ಅಕ್ಕನಿಗೆ ಫೋನ್ ಮಾಡ್ತೀನಿ."

ಸಂಕ್ರಾಂತಿ ಕಳೀಲಿ! ಏನು ಅರ್ಜೆಂಟು ಅಂತ ಕೇಳೋ ಗಂಡನಿಗೆ ಏನು ಹೇಳಲಿ? ಬೈದೆ, "ನಿಮ್ಮಂಥ ಆಮೆ ಕಟ್ಟಿಕೊಂಡು ನನ್ನ ಕರ್ಮ" ಅಂದೆ. ನಕ್ಕರು.

ಆ ಸೋಮವಾರ ಶರಣ್ಯಾ ಇವರನ್ನ ಸ್ಕ್ಯಾನಿಗೆ ಅಂತ ಬೆಳಿಗ್ಗೆ ಎಂಟಕ್ಕೇ ಕರೆದುಕೊಂಡು ಹೋದಳು. ಬರೋದು ಮಧ್ಯಾಹ್ನ ಅಂದಿದ್ದಳು. ಗೇಟು ಹಾಕಿ ಹಿತ್ತಲಿಗೆ ಬಂದೆ. ಆ ಒಲೆ ನೋಡಿದರೆ ಹೊಟ್ಟೆ ಉರೀತು. ಒಂದು ಸಲ ಚೆನ್ನಾಗಿ ಕಾದ್ರೆ ಎಲ್ಲ ಹಸಿ ಆರತ್ತೆ, ಒಣಗಿದ್ದು ಕಂಡ ಮೇಲೆ ಇವರೇ ಫೋನ್ ಮಾಡ್ತಾರೆ, ಈ ಭಾನುವಾರಕ್ಕೆ ಶಿವಕ್ಕ ಬಂದುಬಿಡ್ತಾರೆ ಅಂತ ಲೆಕ್ಕ ಹಾಕಿದೆ. ಇವರು ಕೂಡಿಟ್ಟಿದ್ದ ಮರದ ತುಂಡು, ತೆಂಗಿನ ಚಿಪ್ಪು, ಒಣಗರಿ, ಎಲ್ಲ ತಂದು ಒಲೆಯೊಳಗೆ ಒಟ್ಟಿದೆ. ಸೀಮೆಎಣ್ಣೆ ಇರಲಿಲ್ಲ, ಕರ್ಪೂರ ಹಚ್ಚಿದೆ. ಶಿವಾ ನೀನೇ ನೋಡ್ಕೋ ಅಂತ ಕೈ ಮುಗಿದೆ.

ಮೊದಲು ಹೊಗೆ. ಆಮೇಲೆ ಧಗ್ ಅಂತ ಹತ್ತಿತು. ಗುಮ್ಮಟದ ಮೇಲೆಲ್ಲ ಆವಿ ಏಳೋಕೆ ಶುರುವಾಯ್ತು, ಒದ್ದೆ ಬಟ್ಟೆ ಇಸ್ತ್ರಿ ಮಾಡಿದ ಹಾಗೆ. ನೀರು ಹೋಗ್ತಾ ಇದೆ ಅಂತ ಖುಷಿಪಟ್ಟು ಇನ್ನೂ ನಾಲ್ಕು ತುಂಡು ಹಾಕಿದೆ. ಅರ್ಧ ಗಂಟೆಯಾಗಿರಬೇಕು. ಒಂದು ಸದ್ದು ಬಂತು, ಟಪ್ ಅಂತ, ತೆಂಗಿನಕಾಯಿ ಒಡೆದ ಹಾಗೆ. ಇನ್ನೊಂದು. ನೋಡ್ತಾ ನೋಡ್ತಾ ಹೊಗೆಗೂಡಿನ ಬುಡದಿಂದ ಒಲೆ ಬಾಯಿವರೆಗೂ ಬಿರುಕು ಬಿಡ್ತು. ಬೆರಳು ತೂರೋಷ್ಟು ಅಗಲ. ಒಳಗೆ ಎರಡು ಇಟ್ಟಿಗೆ ಕಳಚಿ ಕೆಂಡದ ಮೇಲೆ ಬಿದ್ದವು. ಬಕೆಟ್ಟಲ್ಲಿ ನೀರು ತಂದು ಸುರಿದೆ. ಅದರಿಂದ ಇನ್ನೂ ಎರಡು ಕಡೆ ಸೀಳಿತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ನಾನೇ ಅದಕ್ಕೆ ಸಾಕ್ಷಿ. ಅಲ್ಲೇ ಬೂದಿ ನೀರಿನಲ್ಲಿ ಕೂತು ಅತ್ತೆ.

ಇವರು ಬಂದಾಗ ಹನ್ನೆರಡೂವರೆ. ಹಿತ್ತಲ ಬಾಗಿಲಲ್ಲಿ ನಿಂತು ನೋಡಿದರು. ಹಿಂದೆ ಶರಣ್ಯಾ. ಬೈತಾರೆ, ಕೂಗಾಡ್ತಾರೆ ಅಂತ ಕಾಯ್ತಿದ್ದೆ. ಬೈದಿದ್ದರೆ ಎಲ್ಲ ಸರಿಹೋಗ್ತಿತ್ತೋ ಏನೋ. ಇವರು ನಿಧಾನಕ್ಕೆ ಒಲೆ ಸುತ್ತ ಒಂದು ಸುತ್ತು ಬಂದರು. ಬಿರುಕಿನೊಳಗೆ ಬೆರಳಿಟ್ಟು ನೋಡಿದರು. ಬೆರಳಿನ ಗೆಣ್ಣಿನಿಂದ ಇಟ್ಟಿಗೆಗಳನ್ನ ಟಕ ಟಕ ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ ನಕ್ಕರು.

"ಪಿಜ್ಜಾ ತಿನ್ನೋಕೆ ಇಷ್ಟು ಆಸೇನಾ ನಿನಗೆ? ಹೇಳಿದ್ರೆ ತರಿಸ್ತಿದ್ನಲ್ಲೇ."

"ರೀ..." ಅಂದೆ.

"ಬಿಡು, ಅಳಬೇಡ. ಗಾರೆ ತಾನೆ? ಬಿಚ್ಚಿ ಕಟ್ಟೋಣ. ಕಟ್ಟೆ ಗಟ್ಟಿಯಾಗಿದೆ, ಗುಮ್ಮಟ ಒಂದು ಮತ್ತೆ ಮಾಡಿದ್ರೆ ಆಯ್ತು. ಈ ಸಲ ಹೊಗೆಗೂಡನ್ನ ಸ್ವಲ್ಪ ಮುಂದಕ್ಕೆ ತರ್ತೀನಿ. ಸಂಕ್ರಾಂತಿಗೆ ಆಗಲ್ಲ, ಯುಗಾದಿಗೆ ಇಟ್ಕೊಳ್ಳೋಣ. ಅಕ್ಕ ಯುಗಾದಿಗೆ ಬರ್ಲಿ, ಬೇವು ಬೆಲ್ಲಾನೂ ಆಗತ್ತೆ..."

"ಯುಗಾದಿಗೆ ನೀವೆಲ್ಲಿರ್ತೀರ್ರೀ!"

ಅದು ನನ್ನ ಬಾಯಿಂದಲೇ ಬಂತು. ಹೇಗೆ ಬಂತು, ಯಾಕೆ ಬಂತು, ಗೊತ್ತಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. "ಅಮ್ಮಾ!" ಅಂತ ಶರಣ್ಯಾ ಚೀರಿದಳು. ಆ ಚೀರಾಟದಲ್ಲಿ ಇವರಿಗೆ ಉಳಿದದ್ದೂ ಗೊತ್ತಾಗಿ ಹೋಯ್ತು.

ಇವರು ಮಿಕ್ಕಿದ್ದ ಇಟ್ಟಿಗೆಗಳ ಮೇಲೆ ಕೂತರು. ಆಮೇಲೆ ಕೇಳಿದರು, "ಕಲ್ಲಲ್ಲ, ಅಲ್ವಾ?"

"ಅಲ್ಲ."

"ಯಾವಾಗ ಹೇಳಿದ್ರು ಡಾಕ್ಟ್ರು?"

"ಪೈಪ್ ಹಾಕಿದ ದಿನಾನೇ."

ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಅಂತ ಬೆರಳು ಮಡಿಚಿದರು. ಸಾಯೋದರ ಬಗ್ಗೆ ಏನೂ ಕೇಳಲಿಲ್ಲ. ನೋವಾಗತ್ತಾ ಅಂತಲೂ ಕೇಳಲಿಲ್ಲ. ಅವರ ಮುಖ ಕೆಂಪಗಾಯ್ತು. ಮೂವತ್ತೆಂಟು ವರ್ಷದಲ್ಲಿ ಅವರು ನನ್ನ ಮೇಲೆ ಕೂಗಿದ್ದು ಅದೇ ಮೊದಲು.

"ಮೂರು ತಿಂಗಳು ನನ್ನ ಕೈಯಲ್ಲಿ ಇಟ್ಟಿಗೆಗೆ ನೀರು ಹಾಕಿಸ್ತಾ ಕೂತಿದ್ಯಲ್ಲೇ ನೀನು! ಗೊತ್ತಿದ್ರೆ ನನಗೆ ಒಲೆ ಯಾಕೆ ಬೇಕಿತ್ತು? ಅವತ್ತೇ ಬಸ್ ಹತ್ತಿ ಹೋಗಿ ಅಕ್ಕನ ಬಾಗಿಲಲ್ಲಿ ನಿಲ್ತಿದ್ದೆ. ಬೈದಿದ್ರೆ ಬೈಸ್ಕೋತಿದ್ದೆ."

"ಕಾರ್ಯಕ್ಕೇ ಕರೀಬೇಕು ಅಂತ ನೀವೇ ಹೇಳಿದ್ರಲ್ರೀ..."

"ಅದೆಲ್ಲ ಟೈಮ್ ಇರೋರ ಬಿಗುಮಾನ ಕಣೇ!" ಅಂದರು. ಹಾಗೆ ಅಂದು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡರು. ನಾನು ಹೋಗಿ ಮುಟ್ಟಿದೆ, ಕೈ ತಳ್ಳಿದರು. ಶರಣ್ಯಾ ಮುಟ್ಟಿದಾಗ ತಳ್ಳಲಿಲ್ಲ. ಅದನ್ನ ನಾನು ಈಗಲೂ ಮರೆತಿಲ್ಲ.

ಸಂಜೆ ಹೊತ್ತಿಗೆ ಸ್ವಲ್ಪ ಇಳಿದರು. ನನ್ನ ಕರೆದು ಕಾಫಿ ಕೇಳಿದರು. ಮಹದೇವ್ ರಾಜರಾಜೇಶ್ವರಿನಗರದ ಅವರ ಮನೆಯಿಂದ ಕಾರ್ ತಗೊಂಡು ಬಂದ. "ಬೆಳಿಗ್ಗೆ ಆರಕ್ಕೆ ಹೊರಡೋಣ ಮಾವ, ಹನ್ನೊಂದಕ್ಕೆಲ್ಲ ಹರಿಹರದಲ್ಲಿರ್ತೀವಿ" ಅಂದ. ಫೋನ್ ಮಾಡೋದು ಬೇಡ ಅಂದರು ಇವರು. ಎದುರಿಗೇ ನಿಲ್ತೀನಿ, ಫೋನಲ್ಲಿ ಹೇಳಿದ್ರೆ ಅವಳು ತಡ್ಕೊಳ್ಳಲ್ಲ ಅಂದರು. ಬಿಳಿ ಅಂಗಿ ತೆಗೆದಿಡೋಕೆ ಹೇಳಿದರು. ಶೇವ್ ಮಾಡಿಕೊಂಡರು. ನಾನು ಅಂಗಿಗೆ ಇಸ್ತ್ರಿ ಮಾಡಿದೆ. ಒಂದು ದಿನ, ದೇವರೇ, ಒಂದೇ ದಿನ ಕೊಡು ಅಂತ ಬೇಡಿಕೊಂಡೇ ಮಾಡಿದೆ.

ಬೆಳಿಗ್ಗೆ ಐದಕ್ಕೆ ಎಬ್ಬಿಸೋಕೆ ಹೋದ್ರೆ ಮೈ ಕೆಂಡ. ಹಲ್ಲು ಕಟಕಟ ಅಂತ ನಡುಗ್ತಿದ್ದರು. ಕಣ್ಣು ಮತ್ತೆ ಹಳದಿ. ಕಾರು ಹರಿಹರದ ಬದಲು ಆಸ್ಪತ್ರೆಗೆ ಹೋಯ್ತು. ಪೈಪ್ ಕಟ್ಟಿಕೊಂಡಿದೆ, ರಕ್ತಕ್ಕೆ ನಂಜೇರಿದೆ ಅಂದರು. ಮಧ್ಯಾಹ್ನದ ಹೊತ್ತಿಗೆ ಐಸಿಯು. ಕಾರಲ್ಲಿ ಹೋಗ್ತಾ ನನ್ನ ತೊಡೆ ಮೇಲೆ ತಲೆ ಇಟ್ಟುಕೊಂಡು ಕೇಳಿದ್ದೊಂದೇ, "ತುಮಕೂರು ದಾಟಿದ್ವಾ?" ನಾನು "ಹೂಂ, ದಾಟಿದ್ವಿ" ಅಂದೆ. ಅಲ್ಲೂ ಸುಳ್ಳು. ನಾವಿನ್ನೂ ಮಾಗಡಿ ರೋಡ್ ಸಿಗ್ನಲ್‌ನಲ್ಲಿ ನಿಂತಿದ್ದೆವು.

ಶರಣ್ಯಾ ಹರಿಹರಕ್ಕೆ ಫೋನ್ ಮಾಡಿದಳು. ಶಿವಕ್ಕ ಒಂದು ಮಾತೂ ಕೇಳಲಿಲ್ಲವಂತೆ. ಎಪ್ಪತ್ತಾರು ವಯಸ್ಸು, ಎರಡೂ ಮಂಡಿ ಹೋಗಿವೆ. ಮಾರನೇ ದಿನ ಒಬ್ಬರೇ ರೈಲು ಹತ್ತಿ ಬಂದರು. ಸ್ಟೇಷನ್‌ನಿಂದ ಕರೆದುಕೊಂಡು ಬಂದವನು ಮಹದೇವ್. ಯಾರ ಮದುವೆಗೆ ಬರಲ್ಲ ಅಂದಿದ್ದರೋ ಅವನ ಕೈ ಹಿಡಿದುಕೊಂಡೇ ಆಸ್ಪತ್ರೆ ಮೆಟ್ಟಿಲು ಹತ್ತಿದರು. ನಾನು ಹಿಂದಿಂದೆ ಹೋದೆ, ಈಗ ಶುರು ಮಾಡ್ತಾರೆ, ಈಗ ಎದೆ ಬಡಿದುಕೊಳ್ತಾರೆ ಅಂತ. ಒಳಗೆ ಒಬ್ಬೊಬ್ಬರಿಗೇ ಐದು ನಿಮಿಷ. ಗಾಜಿನಿಂದ ನೋಡ್ತಾ ನಿಂತೆ. ಶಿವಕ್ಕ ಇವರ ಪಾದ ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟರು. ಅಳಲಿಲ್ಲ. ತುಟಿ ಕೂಡ ಅಲುಗಲಿಲ್ಲ. ಇವರ ಮೂಗು ಬಾಯಿಗೆ ಮಾಸ್ಕು, ಕಣ್ಣು ಮುಚ್ಚಿತ್ತು. ನರ್ಸ್ ಬಂದು ಹೊರಗೆ ಕಳಿಸೋವರೆಗೂ ಕಣ್ಣು ಬಿಡಲಿಲ್ಲ. ಗೊತ್ತಾಯ್ತೋ ಇಲ್ಲವೋ ದೇವರಿಗೇ ಗೊತ್ತು.

ನಾಲ್ಕನೇ ದಿನ ಹೋಗಿಬಿಟ್ಟರು.

ರುದ್ರಭೂಮಿಯಲ್ಲಿ ವಿಭೂತಿ ಹಚ್ಚಿ ಗುಣಿಯೊಳಗೆ ಕೂರಿಸಿದಾಗ ನಾನು ಅತ್ತೆ, ಶರಣ್ಯಾ ಅತ್ತಳು, ಮೇಸ್ತ್ರಿ ಚಿಕ್ಕಹನುಮಯ್ಯ ಟವಲ್ ಬಾಯಿಗೆ ಒತ್ತಿಕೊಂಡು ಅತ್ತರು. ಹರಿಹರದ ಕಡೆಯಿಂದ ಬಂದ ಹೆಂಗಸರೆಲ್ಲ ಶಿವಕ್ಕನ ಮುಖ ನೋಡ್ತಿದ್ದರು, ಈಯಮ್ಮ ಎತ್ತಿಕೊಂಡರೆ ನಾವೂ ದನಿ ಕೂಡಿಸೋಣ ಅಂತ. ಶಿವಕ್ಕ ಒಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದರು. ಅಷ್ಟೇ.

ಹನ್ನೊಂದನೇ ದಿನದ ಕಾರ್ಯ ಮುಗೀತು. ಬಂದವರೆಲ್ಲ ಊಟ ಮಾಡಿ ಹೋದರು. ಮಧ್ಯಾಹ್ನ ಮೂರು ಗಂಟೆ ಇರಬೇಕು, ಶಿವಕ್ಕ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದರು. ನಾನು ಪಾತ್ರೆ ತೊಳೀತಿದ್ದೆ. ಒಲೆ ಹಾಗೇ ನಿಂತಿತ್ತು, ಬಿರುಕು ಬಿಟ್ಟುಕೊಂಡು, ಒಳಗೆ ಬೂದಿ ಕೆಸರು ತುಂಬಿಕೊಂಡು. ಅವರು ಬಗ್ಗಿ ನೋಡಿದರು.

"ಇದನಾ ಅವ ಕಟ್ಟಿದ್ದು?"

"ಹೂಂ ಅಕ್ಕ."

"ಇದು ಮುಗದ ಮ್ಯಾಲೆ ನನ್ನ ಕರೀಬೇಕು ಅಂತಿದ್ನಂತೆ. ಶರಣ್ಯಾ ಹೇಳಿದ್ಲು." ನನ್ನ ಕಡೆ ತಿರುಗಿದರು. "ಜಡ್ಡು ಅಂತ ನಿಮಗೆ ಗಣಪತಿ ಹಬ್ಬಕ್ಕೇ ಗೊತ್ತಿತ್ತಂತೆ. ಮತ್ತ ಯಾಕ ನನಗ ತಿಳಿಸಲಿಲ್ಲ? ಅವನೇ ಬ್ಯಾಡ ಅಂದಿದ್ನೇನು?"

ನೋಡಿ, ಒಂದೇ ಒಂದು 'ಹೂಂ' ಅಂದಿದ್ದರೆ ಸಾಕಿತ್ತು. ಹಟ ಮಾಡಿದ್ರು ಅಕ್ಕ, ಅವರ ಸ್ವಭಾವ ನಿಮಗೇ ಗೊತ್ತಲ್ಲ ಅಂದಿದ್ದರೆ, ನಂಬಿಬಿಡ್ತಿದ್ದರು. ಸತ್ತವರು ಬಂದು ಇಲ್ಲ ಅನ್ನೋ ಹಾಗಿಲ್ಲ. ನನ್ನ ನಾಲಿಗೆ ತುದಿಗೆ ಬಂದಿತ್ತು ಕೂಡ. ಆದರೆ ಆಮೇಲೆ ಈ ಮುದುಕಿ ಸಾಯೋವರೆಗೂ, ತಮ್ಮ ನನ್ನ ಬೇಡ ಅಂದ ಅಂದುಕೊಂಡೇ ಬದುಕಬೇಕು. ಅದು ನನ್ನಿಂದ ಆಗಲಿಲ್ಲ.

"ಅವರಲ್ಲ ಅಕ್ಕ, ನಾನು. ಅವರಿಗೇ ಏನೂ ಗೊತ್ತಿರಲಿಲ್ಲ. ಗೊತ್ತಾದ ದಿನ, ಮಾರನೇ ಬೆಳಿಗ್ಗೇನೇ ನಿಮ್ಮ ಹತ್ತಿರ ಬರೋಕೆ ಹೊರಟಿದ್ರು. ಅಂಗಿ ಇಸ್ತ್ರಿ ಮಾಡಿಸಿಟ್ಟಿದ್ರು. ನಿಮ್ಮನ್ನ ಕರೀದೇ ಇದ್ದಿದ್ದು ನಾನು."

"ಯಾಕ?"

"ನೀವು ಬಂದು ಜೋರಾಗಿ ಅತ್ತುಬಿಟ್ರೆ ಅವರಿಗೆ ಗೊತ್ತಾಗಿಬಿಡತ್ತೆ ಅಂತ..."

ನಲ್ಲಿ ಹರೀತಾನೇ ಇತ್ತು, ನಿಲ್ಲಿಸೋಕೆ ಕೈ ಬರಲಿಲ್ಲ. ಶಿವಕ್ಕ ಒಲೆಯ ಕಟ್ಟೆ ಮೇಲೆ ಮೆಲ್ಲಗೆ ಕೂತರು. ಬೈಯಲಿಲ್ಲ, ಶಾಪ ಹಾಕಲಿಲ್ಲ.

"ಅವ ಇದ್ದಾಗ ಅತ್ತಿದ್ರ ಅವನಿಗೆ ಕೇಳಿಸ್ತಿತ್ತು" ಅಂದರು. "ಅಳಾಕಾದ್ರೂ ಕರೀಬೇಕಿತ್ತಲ್ಲವ್ವ."